‘ನಮ್ದು’ ಅಂದರೆ ಯಾರದು?

2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಮೊಟೇರಾ ಕ್ರೀಡಾಂಗಣದಿಂದ ಹೊರಬೀಳುವ ಹೊತ್ತಿಗೆ ನನ್ನ ದನಿ ಪೂರ್ತಿ ಕಟ್ಟಿಹೋಗಿತ್ತು. ಮೆಟ್ರೊ ನಿಲ್ದಾಣದ ಕಡೆಗೆ ಜನರ ಸಾಲು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಯಾರೋ ಒಬ್ಬ ‘ಈ ಸಲ ಕಪ್’ ಎಂದು ಎಳೆದು ಕೂಗಿದರೆ ನೂರಾರು ಜನ ‘ನಮ್ದು’ ಎಂದು ಮುಗಿಸುತ್ತಿದ್ದರು. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ, ಕೆಂಪು ಅಂಗಿ ತೊಟ್ಟ ಇಲ್ಲಿಯದೇ ಕಾಲೇಜು ಹುಡುಗನೊಬ್ಬ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ನನ್ನ ಹೆಗಲ ಮೇಲಿನ ಹಳದಿ-ಕೆಂಪು ಶಾಲನ್ನು ಕಂಡು ಹತ್ತಿರ ಬಂದು ಕೇಳಿದ: "ಕಾಕಾ, ‘ನಮ್ದು’ ಎಟಲೇ ಶುಂ?" ‘ನಮ್ದು’ ಅಂದರೆ ಏನು?

ಉತ್ತರ ಹೇಳಹೊರಟವನು ಒಂದು ಕ್ಷಣ ತಡವರಿಸಿದೆ. ಗುಜರಾತಿಯಲ್ಲಿ ‘ನಮ್ಮದು’ ಎನ್ನಲು ಎರಡು ಮಾತುಗಳಿವೆ. ಕೇಳುವವನನ್ನು ಹೊರಗಿಟ್ಟು ಹೇಳುವುದಾದರೆ ‘ಅಮಾರು’. ಅವನನ್ನೂ ಸೇರಿಸಿಕೊಂಡು ಹೇಳುವುದಾದರೆ ‘ಆಪಣು’. ನಮ್ಮ ಇಂದಿನ ಕನ್ನಡಕ್ಕೆ ಈ ಭೇದವಿಲ್ಲ. ಒಂದೇ ‘ನಮ್ದು’ ಎರಡು ಕೆಲಸವನ್ನೂ ಮಾಡುತ್ತದೆ. ನಾನು ಆ ಹುಡುಗನಿಗೆ ‘ಆಪಣು’ ಎಂದೆ. ಅವನು ಸಂತೋಷದಿಂದ ನಕ್ಕು ಗುಂಪಿನಲ್ಲಿ ಸೇರಿಹೋದ. ಆ ಉತ್ತರ ಸರಿಯಾಗಿತ್ತೇ ಎಂಬ ಪ್ರಶ್ನೆ ಮರುದಿನದ ಸಂಜೆಯಿಂದ ನನ್ನನ್ನು ಬಿಟ್ಟಿಲ್ಲ.

ನನ್ನ ವಯಸ್ಸಿನ ಧಾರವಾಡದ ಹುಡುಗರಿಗೆ ತಂಡ ಎಂದರೆ ಕರ್ನಾಟಕ, ಪಂದ್ಯ ಎಂದರೆ ರಣಜಿ. 1999ರ ರಣಜಿ ಫೈನಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದಾಗ ನಾನು ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮೊದಲ ಇನಿಂಗ್ಸಿನ ಮುನ್ನಡೆ ಪಡೆದಿದ್ದ ಮಧ್ಯಪ್ರದೇಶಕ್ಕೆ ಪ್ರಶಸ್ತಿ ಗೆಲ್ಲಲು ಡ್ರಾ ಸಾಕಿತ್ತು. ಕೊನೆಯ ದಿನ ವಿಜಯ್ ಭಾರದ್ವಾಜ್ ಅವರ ಸ್ಪಿನ್ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಮಾವ ತಂದಿದ್ದ ಚಪಾತಿ-ಪಲ್ಯದ ಡಬ್ಬಿಯನ್ನು ಬಿಚ್ಚುವುದನ್ನೇ ನಾವು ಮರೆತಿದ್ದೆವು. ಸೋತ ತಂಡದ ನಾಯಕ ಚಂದ್ರಕಾಂತ್ ಪಂಡಿತ್ 23 ವರ್ಷಗಳ ಬಳಿಕ, 2022ರಲ್ಲಿ, ಅದೇ ಮೈದಾನದಲ್ಲಿ ಅದೇ ಮಧ್ಯಪ್ರದೇಶದ ತರಬೇತುದಾರನಾಗಿ ನಿಂತು ರಣಜಿ ಗೆದ್ದಾಗ ನನಗೇ ಕಣ್ಣು ತುಂಬಿ ಬಂತು. ಆಟದಲ್ಲಿ ಒಂದು ಊರಿಗೆ, ಒಂದು ತಂಡಕ್ಕೆ ಸಲ್ಲುವುದೆಂದರೆ ಇಷ್ಟು ದೀರ್ಘವಾದ ಕಾಯುವಿಕೆ ಎಂದು ನಾನು ತಿಳಿದಿದ್ದೆ.

ಆ ಕಾಲವನ್ನು ಚಿನ್ನದ ಕಾಲವೆಂದು ಬಣ್ಣಿಸುವ ಆಸೆ ನನಗಿಲ್ಲ. ಅಂದಿನ ಆಟಗಾರನಿಗೆ ಸಿಗುತ್ತಿದ್ದ ಸಂಭಾವನೆ ಇಂದಿನವರು ನಂಬಲಾರದಷ್ಟು ಕಡಿಮೆ. ಕ್ರಿಕೆಟ್ ಸಂಸ್ಥೆಯಲ್ಲಿ ನನ್ನಂಥ ಪ್ರೇಕ್ಷಕನಿಗೆ ಅಂದೂ ಮತವಿರಲಿಲ್ಲ. ಆದರೆ ಕರ್ನಾಟಕ ತಂಡವನ್ನು ಯಾರೂ ಮಾರಲಾರರು ಎಂಬುದು ಮಾತ್ರ ನಿಶ್ಚಿತವಾಗಿತ್ತು. ಮಾರುವ ಮಾತು ಯಾರ ತಲೆಗೂ ಹೊಳೆದಿರಲಿಲ್ಲ.

2008ರ ಜನವರಿಯಲ್ಲಿ ಆ ಮಾತು ಹೊಳೆಯಿತು. ಐಪಿಎಲ್‌ನ ಎಂಟು ನಗರಗಳ ತಂಡಗಳನ್ನು ಹರಾಜಿಗಿಟ್ಟಾಗ ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರಿಗೆ ಕೊಂಡಿತು. ತಂಡಕ್ಕೆ ಇಟ್ಟ ಹೆಸರು ಒಂದು ವಿಸ್ಕಿಯ ಹೆಸರು. ಮುಂದೆ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಹಿಡಿತ ಬ್ರಿಟನ್ನಿನ ಡಿಯಾಜಿಯೊ ಕೈಗೆ ಹೋಯಿತು. ಅದರೊಂದಿಗೆ ತಂಡವೂ ಹೋಯಿತು. 2016ರಲ್ಲಿ ಮಲ್ಯ ದೇಶ ಬಿಟ್ಟರು, ನಾವು ತಂಡವನ್ನು ಬಿಡಲಿಲ್ಲ. 2009, 2011, 2016: ಮೂರು ಫೈನಲ್ಲುಗಳ ಸೋಲು, ಮೂರನೆಯದಂತೂ ನಮ್ಮದೇ ಚಿನ್ನಸ್ವಾಮಿಯಲ್ಲಿ. ಒಡೆಯ ಬದಲಾದಾಗ ಸರಕಿನ ಮೇಲಿನ ಚೀಟಿ ಬದಲಾಗುವಂತೆ ಅಭಿಮಾನಿ ಬದಲಾಗುವುದಿಲ್ಲ. ವ್ಯವಹಾರಕ್ಕೆ ಗೊತ್ತಿರುವ ಅತ್ಯಂತ ಲಾಭದ ಗುಟ್ಟು ಇದೇ.

ನೌಕರಿಯ ವರ್ಗಾವಣೆಗಳು ನನ್ನನ್ನು ಮೊದಲು ಸೂರತ್ತಿಗೆ, ಬಳಿಕ ವಡೋದರಾಕ್ಕೆ, ಕೊನೆಗೆ ಅಹಮದಾಬಾದಿಗೆ ತಂದವು. ಈ ಮೂರೂ ಊರುಗಳಲ್ಲಿ ನಾನು ಕಂಡ ಅಭಿಮಾನಿಗಳ ಕಥೆ ನಮ್ಮದಕ್ಕಿಂತ ಬೇರೆಯಲ್ಲ. ಸೂರತ್ತಿನಲ್ಲಿದ್ದಾಗ ರಾಜಕೋಟವನ್ನು ನೆಲೆಯಾಗಿಸಿಕೊಂಡ ಗುಜರಾತ್ ಲಯನ್ಸ್ ತಂಡ ಹುಟ್ಟಿತು. ಎರಡು ತಂಡಗಳು ಅಮಾನತಿನಲ್ಲಿದ್ದ 2016 ಮತ್ತು 2017ರ ಎರಡು ಸಾಲಿಗೆ ಮಾತ್ರ ಅದರ ಆಯುಸ್ಸು ಎಂಬುದು ಮೊದಲೇ ಬರೆದಿಟ್ಟದ್ದು. ಸಹೋದ್ಯೋಗಿಯೊಬ್ಬರ ಏಳು ವರ್ಷದ ಮಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. 2018ರ ಏಪ್ರಿಲಿನಲ್ಲಿ ಅವನು ಸಿಂಹದ ಚಿತ್ರದ ಟೋಪಿ ಹಾಕಿಕೊಂಡು ಟೀವಿಯ ಮುಂದೆ ಕೂತು, ನಮ್ಮ ಆಟ ಯಾವತ್ತು ಎಂದು ಕೇಳಿದನಂತೆ. ಅವನ ತಂದೆ ಅದನ್ನು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ವಡೋದರಾದ ಗೆಳೆಯರೊಬ್ಬರ ಸಂಕಟ ಇನ್ನೊಂದು ಬಗೆಯದು. ಪಾಂಡ್ಯ ಸಹೋದರರನ್ನು ಬಲ್ಲದ ಮನೆ ಆ ಊರಿನಲ್ಲಿಲ್ಲ. ಅವರ ತಂದೆ ಸೂರತ್ತಿನಲ್ಲಿದ್ದ ಸಣ್ಣ ವ್ಯಾಪಾರವನ್ನು ಮುಚ್ಚಿ, ಮಕ್ಕಳನ್ನು ಕಿರಣ್ ಮೋರೆ ಅವರ ಅಕಾಡೆಮಿಗೆ ಸೇರಿಸಲೆಂದೇ ವಡೋದರಾಕ್ಕೆ ಬಂದವರು. ಕಿರಿಯವನಾದ ಹಾರ್ದಿಕ್ 2022ರಲ್ಲಿ ಗುಜರಾತ್ ಟೈಟನ್ಸ್ ನಾಯಕನಾಗಿ ಮೊದಲ ವರ್ಷವೇ ಮೊಟೇರಾದಲ್ಲಿ ಕಪ್ ಎತ್ತಿದಾಗ ಇಡೀ ಗುಜರಾತು ‘ಆಪಣೋ ಛೋಕ್ರೋ’, ನಮ್ಮ ಹುಡುಗ, ಎಂದು ಕುಣಿಯಿತು. 2023ರ ನವೆಂಬರಿನಲ್ಲಿ ಎರಡು ಕಂಪನಿಗಳ ನಡುವಿನ ವ್ಯವಹಾರದಲ್ಲಿ ಅವನು ಮುಂಬೈಗೆ ಹೋದ. ಮುಂಬೈ ತಂಡ ರೋಹಿತ್ ಶರ್ಮರನ್ನು ಇಳಿಸಿ ಅವನನ್ನು ನಾಯಕನನ್ನಾಗಿ ಮಾಡಿತು. 2024ರ ಮಾರ್ಚಿನಲ್ಲಿ ಅವನು ಮೊಟೇರಾಕ್ಕೆ ಮರಳಿದಾಗ ಅದೇ ಗ್ಯಾಲರಿ ಗೇಲಿಯ ಕೂಗಿನಿಂದ ಬರಮಾಡಿಕೊಂಡಿತು. ವಾಂಖೆಡೆಯಲ್ಲೂ ಅದೇ ಕೂಗು. ಅಂದು ನಾನು ಗಮನಿಸಿದ್ದು ಇಷ್ಟು: ತೀರ್ಮಾನ ಮಾಡಿದವರು ಹವಾನಿಯಂತ್ರಿತ ಕೋಣೆಯಲ್ಲಿದ್ದರು, ಬಯ್ಗುಳ ಕೇಳಿದವನು ಬಯಲಲ್ಲಿ ನಿಂತಿದ್ದ. ಮಾಲೀಕನ ಮೇಲಿನ ಸಿಟ್ಟಿಗೆ ಮೈದಾನದಲ್ಲಿ ಒಂದು ಮುಖ ಸಿಗುವುದಿಲ್ಲ. ಹೀಗಾಗಿ ಅದು ಸಿಕ್ಕ ಮುಖದ ಮೇಲೆ ಬೀಳುತ್ತದೆ.

ಟೈಟನ್ಸ್ ತಂಡದ ಒಡೆತನವೂ ಹೀಗೆಯೇ ಕೈ ಬದಲಾಗಿದೆ. 2021ರಲ್ಲಿ ಅದನ್ನು 5,625 ಕೋಟಿ ರೂಪಾಯಿಗೆ ಕೊಂಡದ್ದು ಸಿವಿಸಿ ಎಂಬ ಯುರೋಪಿನ ಖಾಸಗಿ ಬಂಡವಾಳ ಸಂಸ್ಥೆ, ಹಿಂದೊಮ್ಮೆ ಫಾರ್ಮುಲಾ ಒನ್ ಕಾರು ಪಂದ್ಯಗಳನ್ನೂ ಕೊಂಡು ಮಾರಿದ್ದ ಸಂಸ್ಥೆ. 2025ರಲ್ಲಿ ಅದರ 67 ಶೇಕಡಾ ಪಾಲು ಅಹಮದಾಬಾದಿನ ಟೊರೆಂಟ್ ಸಮೂಹಕ್ಕೆ ಬಂತು. ಊರಿನವರ ಕೈಗೆ ಬಂತಲ್ಲ ಎಂದು ಕೆಲವರು ಸಮಾಧಾನಪಟ್ಟರು. ಆದರೆ ಬಂದದ್ದೂ ಹೋದದ್ದೂ ಪತ್ರಿಕೆಯ ವಾಣಿಜ್ಯ ಪುಟದಲ್ಲೇ ಅವರಿಗೆ ತಿಳಿದದ್ದು.

ಈ ಆಟದ ಅರ್ಥಶಾಸ್ತ್ರ ಕಷ್ಟದ್ದಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕುಗಳು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅದರ ಒಂದು ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಸೋತು ಸೋತು ತಳ ಸೇರಿದರೂ ಯಾವ ತಂಡವೂ ಕೆಳದರ್ಜೆಗೆ ಇಳಿಯುವುದಿಲ್ಲ. ಗ್ಯಾಲರಿಯಲ್ಲಿ ಕೂತವನ ಟಿಕೆಟ್ಟಿನ ಹಣ ಈ ಲೆಕ್ಕದಲ್ಲಿ ದೊಡ್ಡದಲ್ಲ; ಅವನು ಕೂಗುತ್ತಿರುವ ದೃಶ್ಯ ಮಾತ್ರ ಬೇಕು, ಏಕೆಂದರೆ ಖಾಲಿ ಗ್ಯಾಲರಿಯ ಆಟವನ್ನು ಯಾರೂ ಅಷ್ಟು ಬೆಲೆಗೆ ಕೊಳ್ಳುವುದಿಲ್ಲ. ಅಂದರೆ ನಾವು ಗಿರಾಕಿಗಳು ಹೌದು, ಸರಕೂ ಹೌದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮ ಕಡೆ ಇದೆ. ಇಲ್ಲಿ ದುಡ್ಡು ನಮ್ಮದೇ, ಜಾತ್ರೆ ಯಾರದೋ.

ಜೂನ್ 3ರ ಫೈನಲ್ ಕೂಡ ಮೊದಲು ಕೋಲ್ಕತ್ತಾದ್ದು. ಮೇ ತಿಂಗಳಲ್ಲಿ ಗಡಿಯ ಸಂಘರ್ಷದಿಂದ ಪಂದ್ಯಗಳು ನಿಂತು ಮತ್ತೆ ಆರಂಭವಾದಾಗ ಅದು ಅಹಮದಾಬಾದಿಗೆ ಬಂತು. ಕೋಲ್ಕತ್ತಾದ ಅಭಿಮಾನಿಯ ನಷ್ಟ ನನ್ನ ಭಾಗ್ಯವಾಯಿತು. ಒಂದೂವರೆ ಗಂಟೆ ಮೊಬೈಲಿನ ಸರದಿಯಲ್ಲಿ ಕಾದು ಟಿಕೆಟ್ ಪಡೆದೆ. ಕ್ರೀಡಾಂಗಣದ ಹೊರಗೆ ಸೂರತ್ತಿನ ಪಾಲಿಯೆಸ್ಟರಿನ, 18ನೇ ನಂಬರಿನ ಅಂಗಿಯೊಂದನ್ನು ಚೌಕಾಸಿ ಮಾಡಿ 250 ರೂಪಾಯಿಗೆ ಕೊಂಡೆ. ಒಳಗೆ ಹೋದರೆ, ಬೌಲರ್ ಓಡಿ ಬರುವ ಎರಡು ತುದಿಗಳಿಗೂ ಉದ್ಯಮ ಸಮೂಹಗಳ ಹೆಸರು: ಒಂದು ರಿಲಯನ್ಸ್, ಇನ್ನೊಂದು ಅದಾನಿ. ಅಂದು ನಮ್ಮ ತಂಡದಲ್ಲಿ ಆಡಿದ ಕನ್ನಡಿಗ ಮಯಾಂಕ್ ಅಗರ್‌ವಾಲ್ ಒಬ್ಬನೇ. ಅವನೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಕೊನೆಯಲ್ಲಿ ಬಂದವನು. ಬೆಂಗಳೂರಿನ ವೈಶಾಖ್ ವಿಜಯ್‌ಕುಮಾರ್ ಪಂಜಾಬಿನ ಪರವಾಗಿ ನಮಗೆ ಬೌಲ್ ಮಾಡುತ್ತಿದ್ದ. ಇದೆಲ್ಲ ಗೊತ್ತಿದ್ದೂ ನಾನು ಕೂಗಿದೆ.

190 ರನ್ನುಗಳ ಮೊತ್ತ ಸಾಲದು ಎನಿಸಿತ್ತು. ಪಂದ್ಯವನ್ನು ನಮ್ಮ ಕಡೆ ತಿರುಗಿಸಿದವನು ಕೃಣಾಲ್ ಪಾಂಡ್ಯ: ನಾಲ್ಕು ಓವರು, 17 ರನ್ನು, ಎರಡು ವಿಕೆಟ್ಟು. ಹುಟ್ಟಿದ್ದು ಅಹಮದಾಬಾದಿನಲ್ಲಿ, ಎಳೆತನ ಸೂರತ್ತಿನಲ್ಲಿ, ಆಟ ಕಲಿತದ್ದು ವಡೋದರಾದಲ್ಲಿ, ಗೆಲ್ಲಿಸಿದ್ದು ಬೆಂಗಳೂರನ್ನು. ಕೊನೆಯ ಓವರು ಮುಗಿಯುವ ಮೊದಲೇ ಕೊಹ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ದೊಡ್ಡ ಪರದೆಯ ಮೇಲೆ ಕಂಡೆವು. ಆರು ರನ್ನುಗಳ ಗೆಲುವು. ವಡೋದರಾದ ಗೆಳೆಯರ ಸಂದೇಶ ಬಂತು: ಕಪ್ ನಿಮ್ಮದು, ಗೆಲ್ಲಿಸಿದವನು ನಮ್ಮವನು. ಅವರು ಬಳಸಿದ್ದು ‘ಅಮಾರೋ’ ಎಂಬ ಪದವನ್ನು. ಹೊರನಾಡಿನಲ್ಲಿ ವರ್ಷಕ್ಕೊಮ್ಮೆ ರಾಜ್ಯೋತ್ಸವದಂದು ಮಾತ್ರ ಸಾರ್ವಜನಿಕವಾಗಿ ಕನ್ನಡ ಕೂಗುವ ನನ್ನಂಥವನಿಗೆ ಆ ರಾತ್ರಿ ಏನಾಗಿತ್ತೆಂಬುದನ್ನು ಈ ಪುಟದ ಓದುಗರಿಗೆ ವಿವರಿಸಬೇಕಿಲ್ಲ.

ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಫೋನು ಮಾಡಿದ. ತಂಡ ಬರುತ್ತಿದೆ, ಚಿನ್ನಸ್ವಾಮಿಗೆ ಹೋಗುತ್ತೇನೆ ಎಂದ. ಅವನ ತಾಯಿ ಬೇಡವೆಂದಿದ್ದಳು. ನಾನೇ ಹೇಳಿದೆ: "ಹೋಗಿ ಬಾರೋ. ನಿನ್ನೆ ನಾ ನೋಡೀನಿ, ಇವತ್ತ ನೀ ನೋಡು. ನಮ್ಮ ಮನಿ ಲೆಕ್ಕ ಚುಕ್ತಾ ಆಗ್ತದ."

ಅಂದು ಸಂಜೆ ಕಚೇರಿಯಲ್ಲಿ ಕಡತವೊಂದನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಸುದ್ದಿ ಬಂತು. ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತ. ಹುಡುಗನ ಫೋನು ಹೋಗುತ್ತಿರಲಿಲ್ಲ. ಅಕ್ಕ ನನಗೆ ಫೋನು ಮಾಡಿ ಏನೂ ಮಾತಾಡದೆ ಸುಮ್ಮನೆ ಉಸಿರಾಡುತ್ತಿದ್ದಳು. ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಯಾರದೋ ಫೋನಿನಿಂದ ಅವನ ದನಿ ಕೇಳಿತು: "ಮಾಮಾ, ನಾ ಹೊರಗ ಬಂದೇನಿ. ಒಂದ ಬೂಟ ಕಳಕೊಂಡೇನಿ, ಅಷ್ಟ." ನಮಗೆ ಅಷ್ಟೇ. ಹನ್ನೊಂದು ಮನೆಗಳಿಗೆ ಅಷ್ಟೇ ಆಗಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಹೊರಗೆ ಇದು ನಡೆದಾಗಲೂ ಒಳಗೆ ಸನ್ಮಾನ ಸಾಗಿತ್ತು.

ಯಾರ ತಪ್ಪು ಎಷ್ಟು ಎಂಬುದನ್ನು ತೂಗುವವನು ನಾನಲ್ಲ. ಅದಕ್ಕೆ ಆಯೋಗ, ನ್ಯಾಯಾಲಯಗಳಿವೆ. ನಾನು ಹೇಳಬಲ್ಲದ್ದು ಬೇರೆ. ‘ಬನ್ನಿ’ ಎಂದು ಕರೆಯುವಾಗ ನಾವೆಲ್ಲ ಒಂದು ಕುಟುಂಬ. ಬಂದವರನ್ನು ಕಾಯುವ ಹೊತ್ತು ಬಂದಾಗ ತಂಡ, ಸಂಸ್ಥೆ, ಆಯೋಜಕರು, ಆಡಳಿತ ಎಂದು ಮನೆ ಪಾಲಾಗುತ್ತದೆ. ತಂಡ ಮೊದಲು ಹತ್ತು ಲಕ್ಷ, ಆಗಸ್ಟ್ ಕೊನೆಯಲ್ಲಿ ಇಪ್ಪತ್ತೈದು ಲಕ್ಷ ರೂಪಾಯಿಗಳ ನೆರವನ್ನು ಪ್ರತಿ ಕುಟುಂಬಕ್ಕೆ ಪ್ರಕಟಿಸಿತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳು ಎಂದು ಕರೆಯುತ್ತಿದ್ದರು. ಆ ದೇವರುಗಳನ್ನು ನಾವು ಗೇಟಿನ ಹೊರಗೆ ನಿಲ್ಲಿಸಿ ಮರೆತೆವು.

ಐದು ತಿಂಗಳ ನಂತರ, ನವೆಂಬರ್ 5ರಂದು, ಯುನೈಟೆಡ್ ಸ್ಪಿರಿಟ್ಸ್ ಷೇರುಪೇಟೆಗೆ ಒಂದು ಪತ್ರ ಬರೆಯಿತು: ತಂಡದಲ್ಲಿರುವ ತನ್ನ ಹೂಡಿಕೆಯ ಮರುಪರಿಶೀಲನೆ ಆರಂಭಿಸಿದ್ದೇನೆ, 2026ರ ಮಾರ್ಚ್ 31ರೊಳಗೆ ಮುಗಿಸುವ ನಿರೀಕ್ಷೆಯಿದೆ. ತಂಡ ಬೆಲೆಯುಳ್ಳದ್ದೇ, ಆದರೆ ಮದ್ಯದ ಮೂಲ ವ್ಯವಹಾರಕ್ಕೆ ಅದು ಹೊರತಾದದ್ದು ಎಂಬುದು ಕಂಪನಿಯ ವಿವರಣೆ. ಸರ್ಕಾರಿ ಪತ್ರಗಳನ್ನು ಓದಿ ಓದಿ ಪಳಗಿದ ನನಗೆ ಆ ಭಾಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಕಾನೂನಿನಂತೆ ಷೇರುದಾರರಿಗೆ ತಿಳಿಸಬೇಕಿತ್ತು, ತಿಳಿಸಿದರು. ಹದಿನೆಂಟು ವರ್ಷ ಕಾದವರಿಗೆ ತಿಳಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಮ್ಮ ಬದುಕಿನ ನಡುಮನೆಯಲ್ಲಿದ್ದದ್ದು ಅವರ ಲೆಕ್ಕದಲ್ಲಿ ಹೊರಜಗಲಿಯಲ್ಲಿತ್ತು.

ಎಂ.ಎ. ಓದುವಾಗ ಹೆಮಿಂಗ್ವೆಯ ಮುದುಕ ಮೀನುಗಾರ ಯಾಂಕೀಸ್ ತಂಡದ ಮೇಲೆ, ಡಿಮಾಜಿಯೊ ಎಂಬ ಬೇಸ್‌ಬಾಲ್ ಆಟಗಾರನ ಮೇಲೆ ಇಟ್ಟ ನಂಬಿಕೆ ನನಗೆ ವಿಚಿತ್ರವೆನಿಸಿತ್ತು. ಕ್ಯೂಬಾದ ಬಡವನಿಗೆ ನ್ಯೂಯಾರ್ಕಿನ ತಂಡ ಹೇಗೆ ತನ್ನದಾಯಿತು? ಈಗ ಅಹಮದಾಬಾದಿನ ಆ ಕಾಲೇಜು ಹುಡುಗನನ್ನು ನೆನೆದರೆ ಅರ್ಥವಾಗುತ್ತದೆ. ತಂಡಗಳಿಗೆ ಒಡೆಯರಿರುವ ಈ ಪದ್ಧತಿ ನಮಗೆ ಬಂದದ್ದೂ ಆ ಅಮೆರಿಕದಿಂದಲೇ. ಅದರ ಕೊನೆ ಹೇಗಿರುತ್ತದೆಂದು ಅವರು ಈಗಾಗಲೇ ಕಂಡಿದ್ದಾರೆ. 1957ರ ನಂತರ ಬ್ರೂಕ್ಲಿನ್ನಿನ ಡಾಡ್ಜರ್ಸ್ ಲಾಸ್ ಏಂಜಲಿಸ್‌ಗೆ ಹೋಯಿತು. ಓಕ್ಲೆಂಡಿನಲ್ಲಿ 1968ರಿಂದ ಇದ್ದ ಅಥ್ಲೆಟಿಕ್ಸ್ ತಂಡವನ್ನು ಅದರ ಮಾಲೀಕ ಜಾನ್ ಫಿಶರ್ ಲಾಸ್ ವೆಗಾಸ್‌ಗೆ ಒಯ್ಯಲು ಹೊರಟಾಗ, 2023ರ ಜೂನ್ 13ರಂದು 27,759 ಜನ ಬೇಕೆಂದೇ ಗ್ಯಾಲರಿ ತುಂಬಿದರು. ಅಭಿಮಾನಿಗಳೇ ಇಲ್ಲ ಎಂಬ ಮಾತನ್ನು ಸುಳ್ಳಾಗಿಸಲು ಬಂದವರು ಅವರು. ‘ಮಾರು’ ಎಂಬ ಒಂದೇ ಪದ ಅವರ ಹಸಿರು ಅಂಗಿಗಳ ಮೇಲೆ, ಅದೇ ಪದ ಅವರ ಕೂಗಿನಲ್ಲಿ. ಮಾಲೀಕ ಮಾರಲಿಲ್ಲ. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಆಟ ನಡೆಯಿತು. ಜನ ಮೈದಾನದ ಮಣ್ಣನ್ನು ತುಂಬಿಕೊಂಡು ಮನೆಗೆ ಹೋದರು. ಅವರು ಮಾರು ಎಂದು ಬೇಡಿಕೊಂಡರು, ನಮ್ಮದನ್ನು ನಮ್ಮನ್ನು ಕೇಳದೆ ಮಾರಲು ಇಟ್ಟರು. ಎರಡರಲ್ಲೂ ಅಭಿಮಾನಿಯ ಸ್ಥಾನ ಒಂದೇ.

ಬೇರೆ ದಾರಿಯೂ ಉಂಟು. ಅದೇ ಅಮೆರಿಕದಲ್ಲಿ ಗ್ರೀನ್ ಬೇ ಎಂಬ ಪುಟ್ಟ ಊರಿನ ಫುಟ್‌ಬಾಲ್ ತಂಡ 1923ರಿಂದ ಊರಿನವರ ಷೇರುಗಳ ಮೇಲೆಯೇ ನಿಂತಿದೆ. ಆ ಷೇರಿಗೆ ಲಾಭಾಂಶವಿಲ್ಲ. ತಂಡವನ್ನು ಊರು ಬಿಡಿಸಿ ಒಯ್ಯಲು ಮಾತ್ರ ಯಾರಿಗೂ ಆಗಿಲ್ಲ. ಇಲ್ಲಿ ಅದು ನಾಳೆಯೇ ಆಗಲಿ ಎನ್ನುವಷ್ಟು ಭೋಳೆ ನಾನಲ್ಲ. ವಡೋದರಾದ ಮೋತಿ ಬಾಗ್ ಮೈದಾನದಲ್ಲಿ ರಣಜಿ ನೋಡುತ್ತ ಕೂತಾಗ ಎದುರಿಗೆ ಅರಮನೆ ಕಾಣುತ್ತಿತ್ತು. ಆಟಕ್ಕೆ ಅಲ್ಲಿಯೂ ಗಾಯಕವಾಡರ ಆಶ್ರಯವಿತ್ತು, ಅಂದರೆ ಒಡೆಯರಿದ್ದರು. ಹಣ ಹಾಕುವವರಿಲ್ಲದೆ ಆಟ ನಡೆಯದು.

ಆದರೆ ನಮ್ಮೂರಿನ ಜಾತ್ರೆಯನ್ನು ನೆನೆಯುತ್ತೇನೆ. ತೇರು ಮಠದ್ದು, ಅದರಲ್ಲಿ ಅನುಮಾನವಿಲ್ಲ. ಆದರೂ ಹಗ್ಗ ತರುವ ಹಕ್ಕು ಒಂದು ಓಣಿಯವರದು, ಕಳಸ ತರುವುದು ಇನ್ನೊಬ್ಬರದು. ಗಾಲಿಯ ಪಕ್ಕದಲ್ಲೇ ನಡೆಯುತ್ತ, ತೇರು ವಾಲಿದಾಗ ಮರದ ತುಂಡು ಕೊಟ್ಟು ನಿಲ್ಲಿಸುವವರು ಮತ್ತೊಂದು ಮನೆತನದವರು. ಅವರು ಕೈ ಎತ್ತಿದರೆ ಸ್ವಾಮಿಗಳೂ ನಿಲ್ಲುತ್ತಾರೆ. ಎಳೆಯುವವರಿಗೆ ಒಡೆತನವಿಲ್ಲ, ಹಕ್ಕುಂಟು. ನಾನು ಕೇಳುವುದು ಅಷ್ಟನ್ನೇ. ತಂಡ ಮಾರುವ ಮುನ್ನ ಹೆಸರು ಮತ್ತು ಊರು ಬದಲಾಗದೆಂಬ ಬರಹದ ಭರವಸೆ. ಟಿಕೆಟ್ಟು, ಗೇಟು, ನೀರು, ಜನಸಂದಣಿಯ ವಿಷಯ ತೀರ್ಮಾನಿಸುವ ಮೇಜಿನ ಮುಂದೆ ಅಭಿಮಾನಿಗಳ ಪರವಾಗಿ ಒಂದು ಕುರ್ಚಿ. ಗಾಲಿಯ ಪಕ್ಕ ನಿಂತು, ಸಾಕು ನಿಲ್ಲಿಸಿ ಎಂದು ಕೈ ಎತ್ತುವ ಒಬ್ಬ ಮನುಷ್ಯ.

ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆ. ಹುಡುಗ ಚೆನ್ನಾಗಿದ್ದಾನೆ. ಕ್ರಿಕೆಟ್ಟಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾನೆ. ಉಳಿದ ಒಂದು ಬೂಟನ್ನು ಅಕ್ಕ ಇನ್ನೂ ಎಸೆದಿಲ್ಲ, ಹಿತ್ತಲ ಬಾಗಿಲ ಬಳಿ ಇಟ್ಟಿದ್ದಾಳೆ. ‘ನೀ ಯಾಕ ಹೋಗು ಅಂದಿ’ ಎಂದು ಅವಳು ಈವರೆಗೆ ಕೇಳಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಇದ್ದದ್ದು ಒಂದೇ ಮಾತು: ತಂಡ ನಮ್ದು ಅಂತ ತಿಳಿದಿದ್ದೆ.

250 ರೂಪಾಯಿಯ ಆ ಅಂಗಿ ಇಸ್ತ್ರಿಯಾಗಿ ಕಪಾಟಿನಲ್ಲಿದೆ. ಏಪ್ರಿಲ್ ಬಂದರೆ ಅದನ್ನು ಮತ್ತೆ ತೊಡುತ್ತೇನೆಂಬುದೂ ನನಗೆ ಗೊತ್ತು, ಗೊತ್ತಿರುವುದರಿಂದಲೇ ನಾಚಿಕೆ. ಮೊಟೇರಾದ ದಾರಿಯಲ್ಲಿ ಆ ಹುಡುಗ ಮತ್ತೊಮ್ಮೆ ಸಿಕ್ಕರೆ, ‘ಆಪಣು’ ಎಂದು ಅಂದು ಹೇಳಿದ್ದನ್ನು ಹಿಂತೆಗೆದುಕೊಳ್ಳಲಾರೆ. ಸದ್ಯಕ್ಕೆ ಅದು ನಾವು ಹೇಳುವ ಮಾತು, ಅವರು ಒಪ್ಪಿದ ಮಾತಲ್ಲ ಎಂಬುದನ್ನಷ್ಟೇ ಅವನಿಗೆ ಹೇಳಬೇಕು.